ಡಾರ್ಕ್ ಮ್ಯಾಟರ್ ಅಂದ್ರೆ ಕೆಟ್ಟ ಶಕ್ತಿನಾ? ಫ್ರಿಟ್ಸ್ ಝ್ವಿಕಿ ಬದುಕು ಏನು ಹೇಳುತ್ತೆ?

ಡಾರ್ಕ್ ಮ್ಯಾಟರ್ ಎಂದರೆ ಮನೆಗೆ ಅಂಟುವ ಕೆಟ್ಟ ಶಕ್ತಿ ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಸುಳ್ಳು. ಈ ಮಾತು ಹುಟ್ಟಿದ್ದು ಆಕಾಶದ ಲೆಕ್ಕದಿಂದ. ಆ ಲೆಕ್ಕ ಹಾಕಿದವರ ಕಥೆ ಹೇಳುತ್ತೇವೆ.

ಫ್ರಿಟ್ಸ್ ಝ್ವಿಕಿ ಹುಟ್ಟಿದ್ದು 1898ರಲ್ಲಿ, ಬಲ್ಗೇರಿಯಾದ ವಾರ್ನಾದಲ್ಲಿ. ತಂದೆ ಸ್ವಿಟ್ಜರ್ಲೆಂಡಿನವರು. ಜ್ಯೂರಿಕ್‌ನಲ್ಲಿ ಓದಿ, 1925ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸೇರಿದರು.

1933ರಲ್ಲಿ ಅವರು ಕೋಮಾ ಎಂಬ ಗೆಲಾಕ್ಸಿಗಳ ಗುಂಪಿನ ಲೆಕ್ಕ ಹಾಕಿದರು. ಅಲ್ಲಿನ ಗೆಲಾಕ್ಸಿಗಳ ವೇಗ ವಿಪರೀತ. ಕಾಣುವ ನಕ್ಷತ್ರಗಳ ಸೆಳೆತ ಮಾತ್ರ ಇದ್ದಿದ್ದರೆ ಗುಂಪು ಎಂದೋ ಚೆದುರಬೇಕಿತ್ತು. ಚೆದುರಿರಲಿಲ್ಲ. ಹಾಗಾದರೆ ಕಾಣದ ದ್ರವ್ಯವೊಂದು ಹಿಡಿದಿಟ್ಟಿದೆ ಎಂದು ತೀರ್ಮಾನಿಸಿದರು. ಹೆಸರು ಮಾತ್ರ ಅವರ ಸ್ವಂತದ್ದಲ್ಲ. ಡಚ್ ಖಗೋಳಜ್ಞ ಕಾಪ್ಟೈನ್ 1922ರಲ್ಲೇ ಅದನ್ನು ಬಳಸಿದ್ದರು.

ಆಗ ಗೆಲಾಕ್ಸಿಗಳ ದೂರದ ಅಳತೆಯೇ ತಪ್ಪಿತ್ತು. ಹಾಗಾಗಿ ಝ್ವಿಕಿಯವರ ಅಂಕಿ ಅತಿಯಾಗಿ ಬಂತು. ಅವರ ಮುಖಕ್ಕೆ ಹೊಡೆದಂಥ ಮಾತಿನಿಂದ ಸಹೋದ್ಯೋಗಿಗಳೂ ದೂರವಿದ್ದರು. ಸುಮಾರು 40 ವರ್ಷ ಹೆಚ್ಚಿನವರು ಈ ವಿಷಯಕ್ಕೆ ಕಿವಿಗೊಡಲಿಲ್ಲ. ಅದೇ ಮನುಷ್ಯ ಎರಡನೇ ಮಹಾಯುದ್ಧದಲ್ಲಿ ಹಾಳಾದ ಗ್ರಂಥಾಲಯಗಳಿಗೆ ಪುಸ್ತಕ ಕೂಡಿಸಿ ಕಳಿಸಿದವರು. 1934ರಲ್ಲಿ ವಾಲ್ಟರ್ ಬಾಡೆ ಜೊತೆ ಅವರು ಊಹಿಸಿದ್ದ ನ್ಯೂಟ್ರಾನ್ ನಕ್ಷತ್ರ 1967ರಲ್ಲಿ ಪಲ್ಸಾರ್ ರೂಪದಲ್ಲಿ ಸಿಕ್ಕಿತು.

1970ರ ದಶಕದಲ್ಲಿ ವೆರಾ ರೂಬಿನ್ ಮುಂತಾದವರು ಗೆಲಾಕ್ಸಿಗಳ ತಿರುಗುವಿಕೆ ಅಳೆದಾಗ ಕಾಣದ ದ್ರವ್ಯದ ವಾದಕ್ಕೆ ಬಲ ಬಂತು. ಅದು ಎಲ್ಲರೂ ಒಪ್ಪುವ ಮಾತಾಗುವ ಮುಂಚೆಯೇ, 1974ರಲ್ಲಿ, ಝ್ವಿಕಿ ತೀರಿಕೊಂಡರು.

ಈಗ ಹುಡುಕಾಟ ನೆಲದಡಿಗೆ ಇಳಿದಿದೆ. ಸೂರ್ಯ ನಮ್ಮನ್ನೂ ಎಳೆದುಕೊಂಡು ಸೆಕೆಂಡಿಗೆ ಸುಮಾರು 220 ಕಿ.ಮೀ. ವೇಗದಲ್ಲಿ ರಾಜಹಂಸ ನಕ್ಷತ್ರಪುಂಜದತ್ತ ಸಾಗುತ್ತಿದ್ದಾನೆ. ಬೈಕಿನಲ್ಲಿ ಹೋಗುವಾಗ ಎದುರುಗಾಳಿ ಹೊಡೆಯುತ್ತದಲ್ಲ, ಹಾಗೆ ಡಾರ್ಕ್ ಮ್ಯಾಟರ್ ಕಣಗಳಿದ್ದರೆ ಆ ದಿಕ್ಕಿನಿಂದಲೇ ಹೆಚ್ಚು ಬರಬೇಕು. ಇಂಗ್ಲೆಂಡಿನ ಬೌಲ್ಬಿ ಗಣಿಯ ಡ್ರಿಫ್ಟ್, ಜಪಾನಿನ ಕಾಮಿಯೋಕಾದ ನ್ಯೂಏಜ್ ಪ್ರಯೋಗಗಳು ಇದನ್ನೇ ಹುಡುಕಲು ಕಟ್ಟಿದವು. ಕಣ ಬಡಿದರೆ ತೆಳು ಅನಿಲದಲ್ಲಿನ ಪರಮಾಣು ಬೀಜ ಸಣ್ಣ ಗೆರೆ ಎಳೆಯುತ್ತದೆ. ಭೂಮಿ ತಿರುಗಿದಂತೆ ಗೆರೆಗಳ ದಿಕ್ಕೂ ದಿನವಿಡೀ ತಿರುಗಬೇಕು. ಬಂಡೆಯ ವಿಕಿರಣಕ್ಕೆ ರಾಜಹಂಸದ ಗೊಡವೆಯಿಲ್ಲ, ಹಾಗಾಗಿ ಅದು ಹೀಗೆ ಮೋಸ ಮಾಡಲಾರದು.

ಇದುವರೆಗೆ ಎಲ್ಲರೂ ಒಪ್ಪುವಂಥ ಕಣ ಸಿಕ್ಕಿಲ್ಲ. ಕಣ ಸಿಕ್ಕೇಬಿಟ್ಟಿತು ಎಂಬ ಫಾರ್ವರ್ಡ್ ಬಂದರೆ ಕಳಿಸಿದವರನ್ನು ಒಂದು ಮಾತು ಕೇಳಿ: ಯಾವ ದಿಕ್ಕಿನಿಂದ ಬಂತಂತೆ?