ಜಾವಾ ಮೋಟಾರು ಸೈಕಲ್ಲಿನ ಜನಕ ಫ್ರಾಂಟಿಶೆಕ್ ಯಾನೆಚೆಕ್

ನಮ್ಮ ಹೈದರಾಬಾದು ನಗರದಲ್ಲಿ ಕೋಳಿ ಕೂಗುವ ಹೊತ್ತಿಗೆ ಎದ್ದು ಹೋಟೆಲಿನ ಒಲೆ ಹೊತ್ತಿಸುವವರಿಗೂ, ಹತ್ತು ಗಂಟೆಗೆ ಕಛೇರಿಯ ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕಾದ ಗುಮಾಸ್ತರಿಗೂ ಸ್ವಂತ ವಾಹನವೆಂಬುದು ವಿಲಾಸದ ವಸ್ತುವಲ್ಲ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ತೆತ್ತೋ, ಕಂತಿನ ಸಾಲವನ್ನು ಹೊತ್ತೋ ಕೊಂಡ ವಾಹನವು ಕ್ರಮೇಣ ಮನೆಮಂದಿಯಲ್ಲೊಂದಾಗಿಬಿಡುತ್ತದೆ. ಅದು ಹಳತಾದಾಗ ಅದೇ ಹೆಸರಿನ ವಾಹನವನ್ನೇ ಮತ್ತೆ ಕೊಳ್ಳುವುದೋ, ಎದುರಾಳಿಯ ವಾಹನಕ್ಕೆ ಹೊರಳುವುದೋ ಎಂಬ ಪ್ರಶ್ನೆ ಏಳುತ್ತದೆ. ಒಂದು ಕಡೆ ಮಮತೆ, ಇನ್ನೊಂದು ಕಡೆ ತಿಂಗಳ ಖರ್ಚು. ಇವೆರಡರ ನಡುವೆ ಸಿಕ್ಕಿದ ಮನುಷ್ಯನ ಪೇಚಾಟ ಸಣ್ಣದಲ್ಲ.

ಈ ಪೇಚಾಟವನ್ನು ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳ ಒಡೆಯರು ಅನುಭವಿಸಿದಷ್ಟು ಬೇರೆಯವರು ಅನುಭವಿಸಿರಲಾರರು. ಕನ್ನಡಿಗರಾದ ನಮಗಂತೂ ಅದು ಮೈಸೂರಿನಲ್ಲಿ ತಯಾರಾದ ವಾಹನವೆಂಬ ಅಭಿಮಾನವೂ ಜೊತೆಗೂಡಿತ್ತು. ಆದರೆ ಜಾವಾ ಎಂಬ ಹೆಸರನ್ನು ಲೋಕಕ್ಕೆ ಕೊಟ್ಟವನು ಮೈಸೂರಿನವನೂ ಅಲ್ಲ, ಆ ಹೆಸರಿಗೂ ಪೂರ್ವದೇಶದ ಜಾವಾ ದ್ವೀಪಕ್ಕೂ ಯಾವ ಸಂಬಂಧವೂ ಇಲ್ಲ. ಆತನು ಮಧ್ಯ ಯೂರೋಪಿನ ಚೆಕ್ ಜನಾಂಗದ ಒಬ್ಬ ಯಂತ್ರಶಿಲ್ಪಿ. ನಿಷ್ಠೆಯ ಪ್ರಶ್ನೆಗೆ ಆತನ ಬಾಳಿನಲ್ಲಿಯೇ ಒಂದು ಉತ್ತರ ಅಡಗಿರುವುದರಿಂದ ಆ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲಾಗಿದೆ.

ಫ್ರಾಂಟಿಶೆಕ್ ಯಾನೆಚೆಕನು 1878ನೆಯ ಇಸವಿಯ ಜನವರಿ 23ರಂದು ಬೊಹೀಮಿಯಾ ಪ್ರಾಂತದ ಒಂದು ಸಣ್ಣ ಗ್ರಾಮದಲ್ಲಿ ಜನಿಸಿದನು. ಆ ಕಾಲದಲ್ಲಿ ಬೊಹೀಮಿಯಾ ದೇಶವು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಂದು ಭಾಗವಾಗಿತ್ತು. ಯಂತ್ರಗಳಲ್ಲಿ ಬಾಲ್ಯದಿಂದಲೇ ಆಸಕ್ತನಾಗಿದ್ದ ಆತನು ಪ್ರಾಗ್ ಮತ್ತು ಬರ್ಲಿನ್ ನಗರಗಳಲ್ಲಿ ಯಂತ್ರವಿದ್ಯೆಯನ್ನು ವ್ಯಾಸಂಗಮಾಡಿ, ಷುಕರ್ಟ್ ಎಂಬ ಹೆಸರಾಂತ ಕಂಪೆನಿಯಲ್ಲಿ ಉದ್ಯೋಗ ಹಿಡಿದನು. ಕಂಪೆನಿಯವರು ಆತನನ್ನು ಕಾರ್ಖಾನೆಯೊಂದರ ನಿರ್ಮಾಣಕಾರ್ಯಕ್ಕಾಗಿ ಹಾಲೆಂಡಿಗೆ ಕಳುಹಿಸಿದರು. ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಹೋದ ಆ ತರುಣನು ಅಲ್ಲಿಯೇ ತನ್ನ ಬಾಳ ಸಂಗಾತಿಯನ್ನೂ ಕಂಡುಕೊಂಡನು.

ದೊಡ್ಡ ಕಂಪೆನಿಯ ಉದ್ಯೋಗ, ನಿಶ್ಚಿತವಾದ ಸಂಬಳ, ಮೇಲಧಿಕಾರಿಗಳ ವಿಶ್ವಾಸ ಇವೆಲ್ಲವೂ ಇದ್ದರೂ ಯಾನೆಚೆಕನಿಗೆ ತೃಪ್ತಿಯಿರಲಿಲ್ಲ. ತನ್ನ ಕಲ್ಪನೆಯ ಯಂತ್ರಗಳನ್ನು ತಾನೇ ತಯಾರಿಸಬೇಕೆಂಬ ಹಂಬಲದಿಂದ 1909ರಲ್ಲಿ ಪ್ರಾಗ್ ನಗರದಲ್ಲಿ ಸ್ವಂತ ಕಾರ್ಯಾಗಾರವನ್ನು ತೆರೆದನು. ತನ್ನ ಜೀವಮಾನದಲ್ಲಿ ಆತನು ಸುಮಾರು 60 ಆವಿಷ್ಕಾರಗಳಿಗೆ ಸನ್ನದು ಪಡೆದನೆಂದರೆ ಆತನ ಬುದ್ಧಿಯ ಚುರುಕನ್ನು ಊಹಿಸಬಹುದು.

ಅಷ್ಟರಲ್ಲಿ 1914ರ ಮಹಾಯುದ್ಧವು ಬಂದೆರಗಿತು. ಯಾನೆಚೆಕನೂ ಸೈನ್ಯವನ್ನು ಸೇರಬೇಕಾಯಿತು. ಅಲ್ಲಿ ಆತನ ಗಮನವು ಆಯುಧಗಳ ಕಡೆಗೆ ತಿರುಗಿತು. 1918ರಲ್ಲಿ ಯುದ್ಧ ಮುಗಿದು ಚೆಕೊಸ್ಲೊವಾಕಿಯಾ ಸ್ವತಂತ್ರ ರಾಷ್ಟ್ರವಾದ ಮೇಲೆ ಆತನು ಆಯುಧ ಕಾರ್ಖಾನೆಯೊಂದನ್ನು ಸ್ಥಾಪಿಸಿದನು. ಆತನು ರೂಪಿಸಿದ ಕೈಬಾಂಬನ್ನು ಹೊಸ ರಾಷ್ಟ್ರದ ಸೇನೆಯು ಸ್ವೀಕರಿಸಿತು. ಉದ್ಯಮವು ಬೆಳೆದು ಪ್ರಾಗಿನ ನುಸ್ಲೆ ಭಾಗದಲ್ಲಿ ನೆಲೆಗೊಂಡಿತು. ಆದರೆ ಯುದ್ಧಕಾಲದಲ್ಲಿ ಬೆಳೆದ ವ್ಯಾಪಾರವು ಶಾಂತಿಕಾಲದಲ್ಲಿ ಸೊರಗುವುದು ಸಹಜ. 1920ರ ದಶಕದ ಕೊನೆಗೆ ಆಯುಧಗಳ ಬೇಡಿಕೆ ಇಳಿಯಿತು. ಯಂತ್ರಗಳಿದ್ದವು, ಕೈಕೆಲಸ ಬಲ್ಲ ಕಾರ್ಮಿಕರಿದ್ದರು, ಆದರೆ ಕೆಲಸವಿರಲಿಲ್ಲ. ಗಿರಾಕಿಗಳಿಲ್ಲದ ಹೋಟೆಲಿನಲ್ಲಿ ಅಡಿಗೆಯವರನ್ನೂ ಮಾಣಿಗಳನ್ನೂ ಇಟ್ಟುಕೊಂಡ ಯಜಮಾನನ ಪಾಡು ಆತನದಾಯಿತು.

ಆಗ ಯಾನೆಚೆಕನು ಮೋಟಾರು ಸೈಕಲ್ಲುಗಳತ್ತ ತಿರುಗಿದನು. ಜರ್ಮನಿಯ ವಾಂಡರರ್ ಕಂಪೆನಿಯು ಅದೇ ಸಮಯದಲ್ಲಿ ಆ ವ್ಯವಹಾರದಿಂದ ಕೈತೊಳೆದುಕೊಳ್ಳಲು ಬಯಸಿತ್ತು. ಅವರ 500 ಸಿ.ಸಿ. ವಾಹನದ ಹಕ್ಕುಗಳನ್ನು ಯಾನೆಚೆಕನು ಕೊಂಡುಕೊಂಡನು. 1929ರಲ್ಲಿ ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ವಾಂಡರರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ಹೊಸ ಹೆಸರನ್ನು ಕಟ್ಟಿದನು. ಚೆಕ್ ಭಾಷೆಯವರು ಅದನ್ನು ಯಾವಾ ಎಂದು ಉಚ್ಚರಿಸುತ್ತಾರೆ. ನಮ್ಮ ನಾಲಗೆಗೆ ಅದು ಜಾವಾ ಆಯಿತು. ಮುಂದೆ ಲಕ್ಷಾಂತರ ಜನರು ಯಾವ ಹೆಸರಿಗೆ ನಿಷ್ಠರಾದರೋ ಆ ಹೆಸರಿನಲ್ಲಿ ಅರ್ಧವು ಬೇರೊಂದು ಕಂಪೆನಿಯದೆಂಬುದನ್ನು ವಾಚಕರು ಗಮನಿಸಬೇಕು.

ಮೊದಲ ಜಾವಾ ಘನವಾದ ವಾಹನ. ಅದರ ಚೌಕಟ್ಟು ಉಕ್ಕಿನ ತಗಡನ್ನು ಒತ್ತಿ ಮಾಡಿದ್ದು. ಹಿಂದಿನ ಗಾಲಿಗೆ ಸರಪಳಿಯ ಬದಲು ಉಕ್ಕಿನ ದಂಡದ ಮೂಲಕ ಶಕ್ತಿ ಸಾಗುತ್ತಿತ್ತು. ಆದರೆ ಬೆಲೆ ದುಬಾರಿ. ಪ್ರಾರಂಭದಲ್ಲಿ ದೋಷಗಳೂ ಕಾಣಿಸಿಕೊಂಡವು. ಅದು ಮಾರುಕಟ್ಟೆಗೆ ಬಂದ ವರ್ಷವೇ ಅಮೆರಿಕದಲ್ಲಿ ಷೇರುಪೇಟೆ ಕುಸಿದು, ಅದರ ಹಿಂದೆಯೇ ಜಗತ್ತನ್ನೆಲ್ಲ ಆರ್ಥಿಕ ಮುಗ್ಗಟ್ಟು ಆವರಿಸಿತು. ಕೆಲಸ ಕಳೆದುಕೊಂಡ ಜನರು ದುಬಾರಿ ವಾಹನವನ್ನು ಕೊಳ್ಳುವುದೆಂತು?

ಇಲ್ಲಿಯೇ ಯಾನೆಚೆಕನ ದೊಡ್ಡತನ ವ್ಯಕ್ತವಾಯಿತು. ತನ್ನ ಹೆಸರನ್ನೇ ಹೊತ್ತ, ತಾನು ಹಣ ಸುರಿದು ಸಂಪಾದಿಸಿದ ಆ ವಾಹನಕ್ಕೆ ಆತನು ಅಂಟಿಕೊಳ್ಳಲಿಲ್ಲ. ಜಾರ್ಜ್ ಪ್ಯಾಚೆಟ್ ಎಂಬ ಇಂಗ್ಲೆಂಡಿನ ಶಿಲ್ಪಿಯನ್ನು ಕರೆಯಿಸಿಕೊಂಡು, ಸಾಮಾನ್ಯ ಸಂಬಳದವನೂ ಕೊಳ್ಳಬಹುದಾದ ಹಗುರವಾದ ವಾಹನದ ಸಿದ್ಧತೆಗೆ ತೊಡಗಿದನು. ಎಂಜಿನ್ನು ತನ್ನದೇ ಆಗಿರಬೇಕೆಂಬ ಹಟವನ್ನೂ ಹಿಡಿಯಲಿಲ್ಲ. ಇಂಗ್ಲೆಂಡಿನ ವಿಲಿಯರ್ಸ್ ಕಂಪೆನಿಯ ಸರಳವಾದ ಎಂಜಿನ್ನನ್ನು ಆರಿಸಿದನು. 1932ರಲ್ಲಿ ಹೊರಬಂದ 175 ಸಿ.ಸಿ. ಜಾವಾವನ್ನು ಜನರು ಮುಗಿಬಿದ್ದು ಕೊಂಡರು. ಅಲ್ಪ ಬೆಲೆ, ಅಲ್ಪ ಖರ್ಚು, ಸುಲಭವಾದ ದುರಸ್ತಿ ಇವು ಅದರ ಗುಣಗಳು. ದೊಡ್ಡ ಜಾವಾದಿಂದ ಮುಳುಗಲಿದ್ದ ಕಾರ್ಖಾನೆಯನ್ನು ಸಣ್ಣ ಜಾವಾ ದಡ ಸೇರಿಸಿತು.

ಮುಂದೆಯೂ ಆತನ ರೀತಿ ಇದೇ ಆಗಿತ್ತು. ಜರ್ಮನಿಯ ಡಿ.ಕೆ.ಡಬ್ಲ್ಯು. ಕಂಪೆನಿಯ ಎಂಜಿನ್ನು ಉತ್ತಮವೆಂದು ಕಂಡಾಗ ಅದರ ಲೈಸೆನ್ಸನ್ನು ಪಡೆದು, 1934ರಲ್ಲಿ ಜಾವಾ ಮೋಟಾರು ಕಾರನ್ನೂ, ಅನಂತರ 250 ಸಿ.ಸಿ. ಮೋಟಾರು ಸೈಕಲ್ಲನ್ನೂ ತಯಾರಿಸಿದನು. ಒಳ್ಳೆಯದು ಎಲ್ಲಿದ್ದರೂ ತರುವುದು, ಗಿರಾಕಿಗೆ ಒದಗದ್ದನ್ನು ತನ್ನದಾದರೂ ಬಿಡುವುದು ಇದು ಆತನ ಧರ್ಮವಾಗಿತ್ತು.

1939ರ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಪ್ರಾಗ್ ನಗರವನ್ನು ಪ್ರವೇಶಿಸಿತು. ಕಾರ್ಖಾನೆಯು ಜರ್ಮನರ ಯುದ್ಧಕಾರ್ಯಕ್ಕೆ ದುಡಿಯಬೇಕಾಯಿತು. ಆ ಕತ್ತಲೆಯ ಕಾಲದಲ್ಲಿಯೇ, 1941ರ ಜೂನ್ 4ರಂದು, ತನ್ನ 63ನೆಯ ವಯಸ್ಸಿನಲ್ಲಿ ಯಾನೆಚೆಕನು ಕಾಲವಾದನು. ಆತನ ಶಿಲ್ಪಿಗಳು ಮಾತ್ರ ಸುಮ್ಮನಿರಲಿಲ್ಲ. ಆಳರಸರ ಕಣ್ಣು ತಪ್ಪಿಸಿ ಹೊಸ ಮೋಟಾರು ಸೈಕಲ್ಲೊಂದನ್ನು ಗುಟ್ಟಾಗಿ ರೂಪಿಸಿದರು. ಪೆರಾಕ್ ಎಂಬ ಆ 250 ಸಿ.ಸಿ. ವಾಹನವು ಯುದ್ಧ ಮುಗಿದ ಮೇಲೆ, 1946ರಲ್ಲಿ, ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಎಲ್ಲರ ಮೆಚ್ಚುಗೆ ಪಡೆಯಿತು. ಅಷ್ಟರಲ್ಲಿ ಕಾರ್ಖಾನೆಯನ್ನು ಸರ್ಕಾರವು ವಶಪಡಿಸಿಕೊಂಡಿತ್ತು. ಮುಂದೆ ಜಾವಾ ಹೆಸರು ಅದರ ಹಿಂದಿನ ಎದುರಾಳಿಯಾದ ಸಿ.ಝಡ್. ಎಂಬ ಹೆಸರಿನೊಡನೆಯೇ ಜೋಡಿಯಾಗಿ ದೇಶವಿದೇಶಗಳಿಗೆ ಸಾಗಿತು.

ಹೀಗೆ ಸಾಗಿದ ಹೆಸರು ನಮ್ಮ ನಾಡಿಗೂ ಬಂದಿತು. ರುಸ್ತಂ ಇರಾನಿ ಮತ್ತು ಫಾರೂಕ್ ಇರಾನಿ ಎಂಬ ಉದ್ಯಮಿಗಳು 1960ರಲ್ಲಿ ಐಡಿಯಲ್ ಜಾವಾ ಕಂಪೆನಿಯನ್ನು ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ತಲೆಯೆತ್ತಿತು. ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು ಅದರ ಉದ್ಘಾಟನೆಯನ್ನು ನೆರವೇರಿಸಿದರು. 1961ರಿಂದ ಮೈಸೂರಿನ ಜಾವಾ ರಸ್ತೆಗಿಳಿಯಿತು. 1973ರಿಂದ ಅದೇ ವಾಹನಕ್ಕೆ ಯೆಜ್ಡಿ ಎಂದು ಹೆಸರಾಯಿತು. ಇರಾನಿನ ಯಜ್ದ್ ಪಟ್ಟಣವೇ ಆ ಹೆಸರಿನ ಮೂಲ. ಆ ಪ್ರದೇಶದಿಂದ ಬಂದವರು ಹೈದರಾಬಾದಿನಲ್ಲಿ ತೆರೆದ ಇರಾನಿ ಹೋಟೆಲುಗಳ ಚಹವನ್ನು ಕುಡಿಯದ ಕನ್ನಡಿಗನು ಇಲ್ಲಿ ಯಾರಿದ್ದಾನೆ?

ಹೈದರಾಬಾದಿನ ಕನ್ನಡಿಗನಿಗೆ ಆ ವಾಹನವು ಬಹು ವಿಧದಲ್ಲಿ ಒದಗಿತು. ಸಿಕಂದರಾಬಾದಿನಿಂದ ಚಾರ್ಮಿನಾರಿನವರೆಗಿನ ದಿನನಿತ್ಯದ ಓಡಾಟವಿರಲಿ, ಹಬ್ಬಕ್ಕೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು 140 ಕಿಲೋಮೀಟರು ದೂರದ ಬೀದರಿಗೆ ಹೋಗುವುದಿರಲಿ, ಅದು ಹಿಂಜರಿಯುತ್ತಿರಲಿಲ್ಲ. ಒದೆಯುವ ಸನ್ನೆಯನ್ನೇ ಮಡಿಸಿದರೆ ಗೇರು ಹಾಕುವ ಸನ್ನೆಯಾಗುವ ಅದರ ಚಮತ್ಕಾರ, ಎರಡು ಹೊಗೆಕೊಳವೆಗಳ ಆ ಗಂಭೀರ ನಾದ ಇವು ಒಡೆಯನ ಮನಸ್ಸನ್ನು ಕಟ್ಟಿಹಾಕಿದವು. ಬೀದಿಯ ಮೂಲೆಯ ಮೇಸ್ತ್ರಿಗೆ ಅದರ ಒಂದೊಂದು ಬೋಲ್ಟೂ ಪರಿಚಿತ.

ಆದರೆ ಕಾಲ ಬದಲಾಯಿತು. 1973ರಲ್ಲಿಯೂ 1979ರಲ್ಲಿಯೂ ಜಗತ್ತಿನ ತೈಲದ ಬೆಲೆ ಏರಿತು. ಯೆಜ್ಡಿಯದು ಎರಡು ಹೊಡೆತದ ಎಂಜಿನ್ನು. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಹೊಸದಾಗಿ ಒಳಸೇರಿದ ಪೆಟ್ರೋಲಿನ ಒಂದಂಶವು ಉರಿಯದೆಯೇ ಹೊಗೆಯೊಡನೆ ಹೊರಟುಹೋಗುತ್ತದೆ. 1980ರ ದಶಕದಲ್ಲಿ ಜಪಾನಿನ ಸಹಯೋಗದ 100 ಸಿ.ಸಿ. ವಾಹನಗಳು ಬಂದವು. ಹೈದರಾಬಾದಿನ ಆಲ್ವಿನ್ ಹೆಸರಿನಲ್ಲಿಯೂ ಪುಷ್ಪಕ್ ಸ್ಕೂಟರು ಓಡಾಡಿತು. 1985ರಲ್ಲಿ ಬಂದ ಹೀರೋ ಹೋಂಡಾ ನಾಲ್ಕು ಹೊಡೆತದ ಎಂಜಿನ್ನಿನದು. ಲೀಟರಿಗೆ 80 ಕಿಲೋಮೀಟರು ಓಡುವುದೆಂದು ಅದರ ಜಾಹೀರಾತು ಸಾರಿತು. ಯೆಜ್ಡಿಗೆ ಅದರ ಅರ್ಧವನ್ನು ಮುಟ್ಟುವುದೂ ಕಷ್ಟ.

ಆಗ ಎಷ್ಟೋ ಮನೆಗಳಲ್ಲಿ ಲೆಕ್ಕ ನಡೆದಿರಬೇಕು. ದಿನಕ್ಕೆ 20 ಕಿಲೋಮೀಟರು, ತಿಂಗಳಿಗೆ 600 ಕಿಲೋಮೀಟರು ಓಡಿಸುವವನಿಗೆ ಲೀಟರಿಗೆ 30ರಂತೆ 20 ಲೀಟರು ಬೇಕು. 60ರಂತೆ ಓಡಿದರೆ 10 ಲೀಟರು ಸಾಕು. ಉಳಿಯುವ 10 ಲೀಟರಿನ ಹಣವೆಂದರೆ ಮಕ್ಕಳ ಶಾಲೆಯ ಶುಲ್ಕ, ಊರಿಗೆ ಕಳುಹಿಸುವ ಮನಿಯಾರ್ಡರು. ಕಣ್ಣಲ್ಲಿ ನೀರು ತಂದುಕೊಂಡೇ ಕೆಲವರು ಯೆಜ್ಡಿಯನ್ನು ಮಾರಿದರು. ಬಿಡಿ ಭಾಗಗಳಿಗಾಗಿ ಅಲೆದಾಡಿಯಾದರೂ ಸರಿ ಎಂದು ಕೆಲವರು ಅದನ್ನು ಉಳಿಸಿಕೊಂಡರು. ಕಾರ್ಖಾನೆಯು ಹೊಗೆಯ ನಿಯಮಗಳಿಗೂ ಕಾಲದ ಬೇಡಿಕೆಗೂ ತಕ್ಕಂತೆ ಎಂಜಿನ್ನನ್ನು ಬದಲಿಸಲಾರದೆ ಹೋಯಿತು, 1996ರಲ್ಲಿ ಮುಚ್ಚಿತು. ಬಿಟ್ಟುಹೋದ ಗಿರಾಕಿಯ ಹಿಂದೆಯೇ ನೂರಾರು ಕಾರ್ಮಿಕರ ಅನ್ನವೂ ಹೋಯಿತೆಂಬುದನ್ನು ಮರೆಯಲಾಗದು.

ಹೆಸರು ಮಾತ್ರ ಸಾಯಲಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಬೇರೊಂದು ಕಂಪೆನಿಯಿಂದ ಮತ್ತೆ ಹೊರಬಂದವು. ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅವುಗಳದು ನಾಲ್ಕು ಹೊಡೆತದ ಎಂಜಿನ್ನು. ಹಳೆಯ ಒಡೆಯನ ಮುಂದೆ ಪ್ರಶ್ನೆ ಹೊಸ ರೂಪದಲ್ಲಿ ನಿಂತಿತು: ತಾನು ಪ್ರೀತಿಸಿದ್ದು ಟಾಂಕಿಯ ಮೇಲಿನ ಹೆಸರನ್ನೋ, ಅದರ ಕೆಳಗಿನ ಯಂತ್ರವನ್ನೋ?

ಇದಕ್ಕೆ ಹೋಟೆಲಿನಲ್ಲಿ ದುಡಿಯುವವನಿಗಿಂತ ಚೆನ್ನಾಗಿ ಉತ್ತರ ಬಲ್ಲವರಾರು? ದಿನವೂ ಬರುವ ಗಿರಾಕಿ ಒಂದು ದಿನ ಸಾಂಬಾರು ಕೆಟ್ಟರೆ ಮುನಿಯುವುದಿಲ್ಲ, ಮರುದಿನವೂ ಬರುತ್ತಾನೆ. ತಿಂಗಳಾದರೂ ಸಾಂಬಾರು ಸುಧಾರಿಸದಿದ್ದರೆ, ಒಂದು ಮಾತೂ ಆಡದೆ ಎದುರು ಹೋಟೆಲಿನ ಮೆಟ್ಟಿಲು ಹತ್ತುತ್ತಾನೆ. ಆತನು ಕೃತಘ್ನನೇ? ಅಲ್ಲ. ಆ ಒಂದು ತಿಂಗಳ ಸಹನೆಯೇ ಆತನು ಸಲ್ಲಿಸಿದ ನಿಷ್ಠೆ. ಅದರೊಳಗೆ ಎಚ್ಚರಗೊಳ್ಳುವುದು ಯಜಮಾನನ ಕರ್ತವ್ಯ.

ಯಾನೆಚೆಕನು 1932ರಲ್ಲಿ ಹಾಗೆ ಎಚ್ಚರಗೊಂಡನು. ಗಿರಾಕಿಯಿಂದ ನಿಷ್ಠೆಯನ್ನು ಬೇಡುವ ಮೊದಲು ತಾನು ಗಿರಾಕಿಗೆ ನಿಷ್ಠನಾದನು. ಆದುದರಿಂದ ಹಳೆಯ ವಾಹನವನ್ನು ಮಾರಿ ಎದುರಾಳಿಯದನ್ನು ಕೊಂಡವನು ನಾಚಬೇಕಾದುದಿಲ್ಲ. ಹಳೆಯದನ್ನು ಒರಸಿ ಒಪ್ಪಮಾಡಿ ಇಟ್ಟುಕೊಂಡವನನ್ನು ಹುಚ್ಚನೆಂದು ನಗಬೇಕಾದುದೂ ಇಲ್ಲ. ಮೊದಲನೆಯವನು ಸಂಸಾರದ ಋಣವನ್ನು ತೀರಿಸಿದನು, ಎರಡನೆಯವನು ನೆನಪಿನ ಋಣವನ್ನು. ಹೈದರಾಬಾದಿನ ಬೀದಿಯಲ್ಲಿ ಎಂದಾದರೊಂದು ಮುಂಜಾನೆ ಆ ಎರಡು ಕೊಳವೆಗಳ ನಾದ ಕಿವಿಗೆ ಬಿದ್ದರೆ, ಮೈಸೂರಿನ ಕಾರ್ಮಿಕರನ್ನು ನೆನೆಯುವಾಗ, ತನ್ನ ಹೆಸರಿನ ಅರ್ಧವನ್ನು ಅದರಲ್ಲಿ ಬಿಟ್ಟುಹೋದ ಆ ಚೆಕ್ ಶಿಲ್ಪಿಯನ್ನೂ ನೆನೆಯೋಣ.