38 ರೂಪಾಯಿ 13 ಆಣೆ 2 ಪೈ: ಹಾಜಿ ಅಬ್ದುಲ್ಲಾ ಸಾಹೇಬರು ಹಾಕಿದ ಲೆಕ್ಕ

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಒಂದು ಬ್ಯಾಂಕ್ ಬಾಗಿಲು ತೆರೆಯಿತು. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಕೈಯಲ್ಲಿದ್ದದ್ದು 38 ರೂಪಾಯಿ, 13 ಆಣೆ, 2 ಪೈ. ಇವತ್ತು ಬೀದಿ ಬದಿಯ ಜ್ಯೂಸ್ ಅಂಗಡಿಯವನೂ ಮೊದಲ ದಿನ ಇಷ್ಟು ಕಡಿಮೆ ವ್ಯಾಪಾರ ಆದರೆ ಸಪ್ಪೆ ಮುಖ ಮಾಡ್ತಾನೆ. ಆದರೆ ಆ ಬ್ಯಾಂಕ್ 114 ವರ್ಷ ನಡೆಯಿತು. ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಲಿಮಿಟೆಡ್ ಎಂದು ಶುರುವಾಗಿ, ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಎಲ್ಲರಿಗೂ ಗೊತ್ತಾಯಿತು. ಅದರ ಸ್ಥಾಪಕ ಅಧ್ಯಕ್ಷರು ಮರ್ಹೂಂ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದ್ದೂರ್.

ಹೆಸರು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ದಾನಿ ಅಂತ ಗೊತ್ತು, ಆಸ್ಪತ್ರೆಗೆ ಜಾಗ ಕೊಟ್ಟವರು ಅಂತ ಗೊತ್ತು. ವ್ಯಾಪಾರಿಯಾಗಿ ಅವರು ಏನು ಮಾಡಿದರು ಅನ್ನುವುದನ್ನು ಮಾತ್ರ ನಾವು ಸರಿಯಾಗಿ ನೋಡಿಲ್ಲ.

ಆಗ ಉಡುಪಿಯಲ್ಲಿ ಬ್ಯಾಂಕ್ ಇರಲಿಲ್ಲ. ಬ್ಯಾಂಕ್ ಆಫ್ ಮದ್ರಾಸ್‌ನ ಶಾಖೆ ಇದ್ದದ್ದು ಮಂಗಳೂರಿನಲ್ಲಿ, ಅದೂ ಮುಖ್ಯವಾಗಿ ಬ್ರಿಟಿಷ್ ಕಂಪೆನಿಗಳ ವಹಿವಾಟಿಗೆ. ಸಣ್ಣ ವ್ಯಾಪಾರಿಗೆ ಹಣ ಬೇಕಾದರೆ ಊರಿನ ಸಾಹುಕಾರನ ಮನೆ ಮೆಟ್ಟಿಲೇ ಗತಿ. ಅಲ್ಲಿ ಬಡ್ಡಿ ಎಷ್ಟು ಅನ್ನುವುದನ್ನು ಸಾಲ ಕೊಡುವವನೇ ಹೇಳಬೇಕು. ಇನ್ನೊಂದು ಊರಿಗೆ ದೊಡ್ಡ ಮೊತ್ತ ಮುಟ್ಟಿಸುವುದೂ ಸುಲಭವಿರಲಿಲ್ಲ.

ವ್ಯಾಪಾರ ಮಾಡುವವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತೆ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಗಿನ ಅನಂತಪುರ ಜಿಲ್ಲೆಯ ಹಿಂದೂಪುರ, ಕಲ್ಯಾಣದುರ್ಗ ಕೂಡ ಅದೇ ಪ್ರಾಂತ್ಯದಲ್ಲಿದ್ದವು. ಇವತ್ತು ಆಂಧ್ರದ ಗಡಿಯಲ್ಲಿರುವ ಈ ಊರುಗಳಲ್ಲಿ ಕನ್ನಡವೂ ಕೇಳಿಸುತ್ತೆ. ಹಿಂದೂಪುರ ಹುಣಸೆ, ಬೆಲ್ಲದ ಪೇಟೆ. ಕಲ್ಯಾಣದುರ್ಗದ ಸುತ್ತ ಶೇಂಗಾ ಬೆಳೆ. ಹುಣಸೆ ಬರುವುದು ಬೇಸಿಗೆಯಲ್ಲಿ, ಕೆಲವೇ ತಿಂಗಳು. ಆಗ ಕೈಯಲ್ಲಿ ಹಣ ಇದ್ದವನು ಖರೀದಿ ಮಾಡಿ ಇಟ್ಟುಕೊಳ್ತಾನೆ, ವರ್ಷವಿಡೀ ಮಾರ್ತಾನೆ. ಹಣ ಇಲ್ಲದವನು ಎಷ್ಟೇ ಚುರುಕಿದ್ದರೂ ದಲ್ಲಾಳಿ ಹೇಳಿದ ರೇಟಿಗೆ ಒಪ್ಪಬೇಕು. ಕಾಮರ್ಸ್ ಪುಸ್ತಕದಲ್ಲಿ ಇದಕ್ಕೆ ವರ್ಕಿಂಗ್ ಕ್ಯಾಪಿಟಲ್ ಅಂತಾರೆ. ಅಂಗಡಿಯವರ ಭಾಷೆಯಲ್ಲಿ ಹೇಳಿದರೆ, ಸರಕು ಕೊಂಡ ದಿನಕ್ಕೂ ದುಡ್ಡು ವಾಪಸ್ ಬರುವ ದಿನಕ್ಕೂ ನಡುವೆ ಗಲ್ಲಾಪೆಟ್ಟಿಗೆ ಖಾಲಿ ಇರುವ ಸಮಯವನ್ನು ದಾಟಲು ಬೇಕಾದ ಹಣ. ಎಷ್ಟೋ ಸಣ್ಣ ಅಂಗಡಿಗಳು ಮುಚ್ಚುವುದು ನಷ್ಟದಿಂದಲ್ಲ, ಈ ಸಮಯವನ್ನು ದಾಟಲಾಗದೆ. ಪುಸ್ತಕದಲ್ಲಿ ಲಾಭ ಇರುತ್ತೆ, ಉದ್ರಿ ವಸೂಲಾಗಿರುವುದಿಲ್ಲ.

ಹಾಜಿ ಸಾಹೇಬರು ಈ ಕೊರತೆಗೆ ಕಂಡುಕೊಂಡ ದಾರಿ ಗಮನಿಸಬೇಕು. ಸ್ವತಃ ಸ್ಥಿತಿವಂತ ವ್ಯಾಪಾರಿ ಅವರು. ಬೇಕಿದ್ದರೆ ತಾವೇ ಇನ್ನೊಬ್ಬ ಸಾಹುಕಾರನಾಗಿ ಕೂತು ಸಾಲ ಕೊಡಬಹುದಿತ್ತು, ಲಾಭವೂ ಜಾಸ್ತಿ ಇತ್ತು. ಹಾಗೆ ಮಾಡದೆ ಬೇರೆ ಬೇರೆ ಸಮುದಾಯದ ಹಿರಿಯರನ್ನು ಜೊತೆ ಸೇರಿಸಿಕೊಂಡು ಲಿಮಿಟೆಡ್ ಕಂಪೆನಿ ಮಾಡಿದರು. ಜಾತಿ ಧರ್ಮದ ಭೇದ ಇಲ್ಲದೆ ಎಲ್ಲ ವರ್ಗದವರಲ್ಲೂ ಉಳಿತಾಯದ ಅಭ್ಯಾಸ, ಪರಸ್ಪರ ಸಹಕಾರ ಬೆಳೆಸುವುದು ಅದರ ಉದ್ದೇಶ ಎಂದು ಮೊದಲೇ ಸಾರಿದರು. (ಬಡ್ಡಿಯ ಮಸ್‌ಅಲ ಬೇರೆ, ಅದನ್ನು ಉಲಮಾಗಳು ಹೇಳಬೇಕು, ಇಲ್ಲಿ ಮಾತು ಸಂಸ್ಥೆ ಕಟ್ಟಿದ ರೀತಿಯ ಬಗ್ಗೆ.)

ಲಿಮಿಟೆಡ್ ಅನ್ನುವ ಪದ ಬೋರ್ಡಿನ ಅಲಂಕಾರಕ್ಕೆ ಇರುವುದಲ್ಲ. ಆಗ ಜಾರಿಯಲ್ಲಿದ್ದದ್ದು 1882ರ ಕಂಪೆನಿ ಕಾಯ್ದೆ. ಅದರ ಪ್ರಕಾರ ನೋಂದಣಿಯಾದ ಕಂಪೆನಿಗೆ ತನ್ನದೇ ಅಸ್ತಿತ್ವ ಇರುತ್ತೆ. ಪಾಲುದಾರ ಎಷ್ಟು ಷೇರು ತಗೊಂಡಿದ್ದಾನೋ ಅಷ್ಟಕ್ಕೇ ಹೊಣೆ. ಕಂಪೆನಿ ಸಾಲ ಮಾಡಿದರೆ ಅವನ ಮನೆ, ತೋಟಕ್ಕೆ ಕೈ ಹಾಕುವಂತಿಲ್ಲ. ಹಾಗೆಯೇ ಅವನು ಸ್ವಂತಕ್ಕೆ ಸಾಲ ಮಾಡಿ ಮುಳುಗಿದರೆ ಕಂಪೆನಿಯ ಗಲ್ಲಾಕ್ಕೂ ಯಾರೂ ಕೈ ಹಾಕುವಂತಿಲ್ಲ. ಎರಡನೆಯ ಮಾತೇ ಹಾಜಿ ಸಾಹೇಬರ ಬದುಕಿನಲ್ಲಿ ಮುಂದೆ ದೊಡ್ಡದಾಯಿತು.

1906 ಬ್ಯಾಂಕಿಂಗ್‌ಗೆ ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡೂ ಹೌದು. ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದರು, ಅದೇ ಇವತ್ತಿನ ಕೆನರಾ ಬ್ಯಾಂಕ್. ಅಕ್ಟೋಬರ್‌ನಲ್ಲಿ ಮದ್ರಾಸಿನ ಅರ್ಬುತ್‌ನಾಟ್ ಕಂಪೆನಿ ಮುಳುಗಿತು. ಇಂಗ್ಲಿಷರದ್ದು, ದೊಡ್ಡ ಹೆಸರು, ದೊಡ್ಡ ಕಟ್ಟಡ. ಜನರ ಠೇವಣಿಯನ್ನು ಸಟ್ಟಾ ವ್ಯವಹಾರಕ್ಕೆ ಹಾಕಿದ್ದರು. ಸಾವಿರಾರು ಕುಟುಂಬಗಳ ಉಳಿತಾಯ ಹೋಯಿತು, ಮಾಲಿಕ ಸರ್ ಜಾರ್ಜ್ ಅರ್ಬುತ್‌ನಾಟ್ ಜೈಲಿಗೆ ಹೋದ. ಉಡುಪಿಯ ಬ್ಯಾಂಕಿಗೆ ಆಗ ಏಳು ತಿಂಗಳು. ಇಂಥ ಸುದ್ದಿಯ ನಡುವೆ ಜನ ತಮ್ಮ ಆಣೆ ಪೈಗಳನ್ನು ಹೊಸ ಬ್ಯಾಂಕಿಗೆ ತಂದು ಕೊಡಬೇಕಾದರೆ ಕೊಡುವವರಿಗೆ ಎದುರಿಗಿರುವ ಮುಖದ ಮೇಲೆ ನಂಬಿಕೆ ಬೇಕು. ಉಡುಪಿಯಲ್ಲಿ ಆ ಮುಖ ಹಾಜಿ ಸಾಹೇಬರದ್ದು.

ಬ್ಯಾಂಕ್ ಮೊದಲ ಶಾಖೆ ತೆರೆದದ್ದು ಕುಂದಾಪುರದಲ್ಲಿ, 1923ರಲ್ಲಿ. ಅಂದರೆ 17 ವರ್ಷ ಒಂದೇ ಊರು! ಎರಡನೆಯದು 1926ರಲ್ಲಿ ಮಂಗಳೂರಿನ ಕಾರ್‌ಸ್ಟ್ರೀಟ್‌ನಲ್ಲಿ. 1934ರಲ್ಲಿ ಕೊಡಗಿನ ಮಡಿಕೇರಿಗೆ ಕಾಲಿಟ್ಟಾಗ ಅದು ಏಳನೆಯ ಶಾಖೆ. ಕುಂದಾಪುರ ಉಡುಪಿಗೆ ಹತ್ತಿರದ ಊರು. ಆ ಆಯ್ಕೆಯಲ್ಲೂ ವ್ಯಾಪಾರದ ಬುದ್ಧಿ ಕಾಣಿಸುತ್ತೆ.

ಇದನ್ನು ಈಗಿನ ಅವಸರದ ಜೊತೆ ಇಟ್ಟು ನೋಡಬೇಕು. ಗಲ್ಫ್‌ನಿಂದ ವಾಪಸ್ ಬಂದ ಯುವಕ ಎಂಟು ಹತ್ತು ವರ್ಷದ ದುಡಿಮೆಯನ್ನು ಒಂದೇ ಸಲ ಫ್ರಾಂಚೈಸಿಗೆ ಹಾಕ್ತಾನೆ. ಚಹಾದ್ದೋ, ಐಸ್‌ಕ್ರೀಮಿನದ್ದೋ. ಫ್ರಾಂಚೈಸಿ ಕೆಟ್ಟದ್ದಲ್ಲ, ಹೆಸರು ಸಿಗುತ್ತೆ, ಕೆಲಸ ಕಲಿಸ್ತಾರೆ. ಆದರೆ ಅದು ಶಾಖೆಯಲ್ಲ. ಶಾಖೆ ಮುಳುಗಿದರೆ ನಷ್ಟ ಕಂಪೆನಿಯದ್ದು. ಫ್ರಾಂಚೈಸಿ ಮುಳುಗಿದರೆ ನಷ್ಟ ಅಂಗಡಿ ಹಾಕಿದವನದ್ದು. ರಾಯಲ್ಟಿಯನ್ನು ಸಾಮಾನ್ಯವಾಗಿ ಲಾಭದ ಮೇಲೆ ಲೆಕ್ಕ ಹಾಕುವುದಿಲ್ಲ, ಒಟ್ಟು ಮಾರಾಟದ ಮೇಲೆ ಹಾಕ್ತಾರೆ. ಬಾಡಿಗೆ, ಕರೆಂಟ್, ಸಂಬಳ ಕಳೆದು ಏನೂ ಉಳಿಯದ ತಿಂಗಳಲ್ಲೂ ಅದನ್ನು ಕಟ್ಟಬೇಕು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆ ಪ್ರತ್ಯೇಕ ಕಾಯ್ದೆ ಇಲ್ಲ, ಸಹಿ ಹಾಕಿದ ಕರಾರು ಪತ್ರವೇ ಎಲ್ಲ. ಬೆಂಗಳೂರಿನಲ್ಲಿ ಓಡುವ ಹೆಸರು ಹಿಂದೂಪುರದಲ್ಲೋ ಕಲ್ಯಾಣದುರ್ಗದಲ್ಲೋ ಓಡುತ್ತೆ ಅನ್ನುವ ಗ್ಯಾರಂಟಿಯನ್ನು ಆ ಪತ್ರದಲ್ಲಿ ಯಾರೂ ಬರೆದುಕೊಡುವುದಿಲ್ಲ. ಫೀಸು ಕಟ್ಟುವ ಮೊದಲು ಅದೇ ಕಂಪೆನಿಯ ಮುಚ್ಚಿಹೋದ ಅಂಗಡಿಯವನನ್ನು ಹುಡುಕಿ ಮಾತಾಡಿಸುವುದು ಒಳ್ಳೇದು. ನಡೆಯುತ್ತಿರುವ ಅಂಗಡಿಯನ್ನು ಕಂಪೆನಿಯವರೇ ತೋರಿಸ್ತಾರೆ.

ಮತ್ತೆ ಸಾಹೇಬರ ಕಥೆಗೆ. ಬ್ಯಾಂಕಿನಿಂದ ಹೊರಗೆ ಅವರ ಕೈ ಬಹಳ ಧಾರಾಳ. ಉಡುಪಿಯ ಸರಕಾರಿ ಆಸ್ಪತ್ರೆಗೆ ತಮ್ಮ ಜಾಗವನ್ನೇ ಕೊಟ್ಟರು. ಬರಗಾಲದಲ್ಲಿ ಹಸಿದವರಿಗೆ ಅಕ್ಕಿ ಹಂಚಿದ್ದು, ಕೃಷ್ಣ ಮಠದ ದೀಪೋತ್ಸವಕ್ಕೆ ಎಣ್ಣೆ ಒದಗಿಸಿದ್ದು ಊರಿನ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಹಾಗೆಯೇ ಕೊನೆಗಾಲದಲ್ಲಿ ವ್ಯಾಪಾರ ಕೈಕೊಟ್ಟು ಅವರ ಸಂಪತ್ತು ಕರಗಿತು ಎಂದೂ ಅದೇ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅದು ಜಗತ್ತಿನಲ್ಲೆಲ್ಲ ಬೆಲೆಗಳು ಕುಸಿದಿದ್ದ ಕಾಲ. 1929ರ ನಂತರದ ಆ ವರ್ಷಗಳಲ್ಲಿ ದೊಡ್ಡ ದೊಡ್ಡ ವ್ಯಾಪಾರಿಗಳೇ ನೆಲ ಕಚ್ಚಿದರು. 1935ರಲ್ಲಿ ಸಾಹೇಬರು ತೀರಿಕೊಂಡರು.

ಬ್ಯಾಂಕ್ ಅಲುಗಾಡಲಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಅಧ್ಯಕ್ಷರಾಗಿದ್ದ ಮನುಷ್ಯ ಹೋದ ಎರಡೇ ವರ್ಷಕ್ಕೆ, 1937ರಲ್ಲಿ, ಅದು ರಿಸರ್ವ್ ಬ್ಯಾಂಕಿನ ಎರಡನೇ ಶೆಡ್ಯೂಲಿಗೆ ಸೇರಿತು. ಅವರ ಸ್ವಂತ ಗಲ್ಲಾಪೆಟ್ಟಿಗೆ, ಅವರ ದಾನದ ಕೈ, ಬ್ಯಾಂಕಿನ ತಿಜೋರಿ ಮೂರೂ ಒಂದೇ ಆಗಿದ್ದಿದ್ದರೆ ಅರ್ಬುತ್‌ನಾಟ್‌ಗೆ ಆದದ್ದೇ ಉಡುಪಿಗೂ ಆಗ್ತಿತ್ತು. ನಮ್ಮ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ಮಗಳ ಮದುವೆ, ಮನೆಯ ಸ್ಲ್ಯಾಬು, ಹೋಲ್‌ಸೇಲ್ ಬಾಕಿ ಎಲ್ಲವೂ ಒಂದೇ ಡ್ರಾಯರ್‌ನಿಂದ ಹೋಗುತ್ತೆ. ಮಾಲಿಕ ತನಗೆ ಅಂತ ತಿಂಗಳ ಸಂಬಳ ಬರೆದುಕೊಳ್ಳುವುದಿಲ್ಲ. ಅವನು ತೀರಿಹೋದ ದಿನ ಅಂಗಡಿಯದ್ದು ಯಾವುದು, ಮನೆಯದ್ದು ಯಾವುದು ಅಂತ ಮಕ್ಕಳಿಗೇ ಗೊತ್ತಾಗುವುದಿಲ್ಲ.

ಹಾಜಿ ಸಾಹೇಬರ ಹಿಂದೆಯೇ ಈ ಜಿಲ್ಲೆಯಲ್ಲಿ ಬ್ಯಾಂಕುಗಳ ಸಾಲೇ ಬಂತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ 8,000 ರೂಪಾಯಿ ಬಂಡವಾಳದ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. 1928ರಲ್ಲಿ ಸಿಂಡಿಕೇಟ್‌ನವರು ದಿನಕ್ಕೆ ಎರಡಾಣೆಯ ಪಿಗ್ಮಿ ಶುರು ಮಾಡಿ ಬೀದಿ ವ್ಯಾಪಾರಿಯ ಮುಂದೆಯೇ ಹೋಗಿ ನಿಂತರು.

ಕಾರ್ಪೊರೇಶನ್ ಬ್ಯಾಂಕ್ 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣವಾಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಬೋರ್ಡುಗಳು ಇಳಿದವು. ಉಡುಪಿಯಲ್ಲಿ ಬ್ಯಾಂಕ್ ಹುಟ್ಟಿದ ಹಾಜಿ ಸಾಹೇಬರ ಹಳೇ ಮನೆ ಮ್ಯೂಸಿಯಂ ಆಗಿದೆ, ಒಳಗೆ ಹಳೇ ನಾಣ್ಯಗಳ ಸಂಗ್ರಹ ಇದೆ. ಅವರು ಕೊಟ್ಟ ಜಾಗದಲ್ಲಿರುವ ತಾಯಿ ಮತ್ತು ಮಕ್ಕಳ ಆಸ್ಪತ್ರೆಯ ಹೆಸರಿನಲ್ಲಿ ಹಾಜಿ ಅಬ್ದುಲ್ಲಾ ಎಂಬುದು ಇನ್ನೂ ಉಳಿದಿದೆ.