ಮೂರನೆಯ ಸೋಮೇಶ್ವರ

ಮೂರನೆಯ ಸೋಮೇಶ್ವರ (ಆಳ್ವಿಕೆ: ಸು. 1126–1138) ಕಲ್ಯಾಣ ಚಾಲುಕ್ಯ ವಂಶದ ಅರಸ ಹಾಗೂ ಸಂಸ್ಕೃತದ ವಿಶ್ವಕೋಶ ಸ್ವರೂಪದ ಗ್ರಂಥವಾದ ಮಾನಸೋಲ್ಲಾಸದ ಕರ್ತೃ. ಭೂಲೋಕಮಲ್ಲ, ಸರ್ವಜ್ಞಭೂಪ ಎಂಬವು ಅವನ ಬಿರುದುಗಳು. ಅವನ ರಾಜಧಾನಿಯಾದ ಕಲ್ಯಾಣವು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಅದರ ನೆರೆಯ ಆಳಂದ ಸೀಮೆಯು ಆಗ ಅಲಂದೆ ಸಾಸಿರ ಎಂಬ ಆಡಳಿತ ವಿಭಾಗವಾಗಿತ್ತು.

ಆಳ್ವಿಕೆ

ಸೋಮೇಶ್ವರನು ಆರನೆಯ ವಿಕ್ರಮಾದಿತ್ಯನ ಮಗ. ತಂದೆಯು ಅರ್ಧ ಶತಮಾನ ಆಳಿ ಕಟ್ಟಿದ ವಿಶಾಲ ರಾಜ್ಯವು ಅವನಿಗೆ ಬಳುವಳಿಯಾಗಿ ಬಂದಿತು. ಆದರೆ ವೆಂಗಿ ಚೋಳರ ವಶವಾಯಿತು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಸಾಮಂತನಾಗಿದ್ದುಕೊಂಡೇ ಬಲ ಹೆಚ್ಚಿಸಿಕೊಂಡನು. ಆದ್ದರಿಂದ ಸೋಮೇಶ್ವರನನ್ನು ವಿದ್ವಾಂಸನೆಂದು ಹೊಗಳಿ, ಅರಸನಾಗಿ ದುರ್ಬಲನೆಂದು ಬದಿಗಿಡುವ ರೂಢಿ ಇದೆ. ಈ ತೀರ್ಪು ಪೂರ್ಣ ನ್ಯಾಯವಾದುದಲ್ಲ. ಅವನ ಗ್ರಂಥದ ಮೊದಲೆರಡು ಭಾಗಗಳು ರಾಜ್ಯವನ್ನು ಪಡೆಯುವ ಮತ್ತು ಪಡೆದುದನ್ನು ಸ್ಥಿರಗೊಳಿಸುವ ಬಗೆಗೇ ಮೀಸಲಾಗಿವೆ; ವಿನೋದಗಳು ಬರುವುದು ಅವುಗಳ ನಂತರ.

ಮಾನಸೋಲ್ಲಾಸ ಮತ್ತು ರಾಜವಿನೋದಗಳು

ಅಭಿಲಷಿತಾರ್ಥಚಿಂತಾಮಣಿ ಎಂಬ ಹೆಸರೂ ಇರುವ ಈ ಕೃತಿಯಲ್ಲಿ 20 ಅಧ್ಯಾಯಗಳ ಐದು ವಿಂಶತಿಗಳಿವೆ. ಗ್ರಂಥದೊಳಗಿನ ಶಕ 1051ರ ಗಣನೆಯಿಂದ ಅದರ ಕಾಲವನ್ನು 1129 ಎಂದು ನಿರ್ಧರಿಸಲಾಗಿದೆ. ನಾಲ್ಕನೆಯದಾದ ವಿನೋದ ವಿಂಶತಿಯಲ್ಲಿ ಆನೆ ಮತ್ತು ಕುದುರೆಗಳ ಓಟ, ಮಲ್ಲಯುದ್ಧ, ಕೋಳಿ, ಲಾವುಗೆ, ಟಗರು, ಕೋಣಗಳ ಕಾಳಗ, ನಾಯಿಗಳ ಬೇಟೆ, ಗಿಡುಗದ ಬೇಟೆ, ಸಂಗೀತ, ನೃತ್ಯ, ಕಥೆ ಇತ್ಯಾದಿಗಳ ವಿವರಣೆ ಇದೆ. ಟಗರಿನ ಕಾಳಗವೂ ಜಾತ್ರೆಯ ಕುಸ್ತಿಯೂ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಅಪರಿಚಿತವಲ್ಲ.

ಮಲ್ಲರ ಪ್ರಕರಣವು ವಿಶೇಷವಾಗಿ ಗಮನಾರ್ಹ. ವಯಸ್ಸು, ಮೈಕಟ್ಟು, ಪಟುತ್ವಗಳನ್ನು ನೋಡಿ ಮಲ್ಲರನ್ನು ಜ್ಯೇಷ್ಠಿಕ ಮೊದಲಾದ ದರ್ಜೆಗಳಾಗಿ ವಿಂಗಡಿಸಲಾಗಿದೆ. ಅವರ ಆಹಾರದ ವೆಚ್ಚ ಅರಮನೆಯದು; ಉದ್ದು, ಮಾಂಸ, ಹಾಲು, ತುಪ್ಪಗಳು ಅದರಲ್ಲಿ ಸೇರಿದ್ದವು. ಭಾರ ಎತ್ತುವುದು, ನಡಿಗೆ, ನೀರಿನಲ್ಲಿ ಈಜು, ಕಂಬದ ಮೇಲಿನ ಕಸರತ್ತು ಅವರ ಸಾಧನೆಯ ಅಂಗಗಳು. ಈ ಕಂಬದ ಕಸರತ್ತಿನಲ್ಲಿ ಇಂದಿನ ಮಲ್ಲಕಂಬದ ಪೂರ್ವರೂಪವನ್ನು ವಿದ್ವಾಂಸರು ಗುರುತಿಸುತ್ತಾರೆ. ಮತ್ಸ್ಯವಿನೋದದಲ್ಲಿ ಮೀನುಗಳ ಜಾತಿಗಳನ್ನೂ ಅವಕ್ಕೆ ಒಡ್ಡಬೇಕಾದ ಆಹಾರವನ್ನೂ ಬೇರೆಬೇರೆಯಾಗಿ ಹೇಳಿರುವುದನ್ನು ನೋಡಿದರೆ, ದಡದಲ್ಲಿ ಕುಳಿತು ಕಂಡವನ ಬರಹವೆಂಬ ಭಾವನೆ ಮೂಡುತ್ತದೆ.

ಐದನೆಯದಾದ ಕ್ರೀಡಾ ವಿಂಶತಿಯಲ್ಲಿ ಉಯ್ಯಾಲೆ, ಜಲಕ್ರೀಡೆ, ಬೆಳದಿಂಗಳ ವಿಹಾರ, ಒಗಟು, ಚದುರಂಗ, ಪಗಡೆ, ಕವಡೆಯಾಟಗಳಿವೆ.

ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಯ (ಆಳ್ವಿಕೆ: 1558–1603) ಕಾಲದ ಸಿರಿವಂತರಿಗೂ ಗಿಡುಗದ ಬೇಟೆ, ಜಿಂಕೆಯ ಬೇಟೆ, ಚದುರಂಗ, ಕೋಳಿಯಂಕ ಪ್ರಿಯವಾಗಿದ್ದವು. ಅಲ್ಲಿ ಜಾರ್ಜ್ ಟರ್ಬರ್ವಿಲ್‌ನ ಗಿಡುಗದ ಬೇಟೆಯ ಪುಸ್ತಕ ಹೊರಬಂದುದು 1575ರಲ್ಲಿ, ಮಾನಸೋಲ್ಲಾಸದ ನಂತರ ಸುಮಾರು ನಾಲ್ಕೂವರೆ ಶತಮಾನಕ್ಕೆ. ಟರ್ಬರ್ವಿಲ್ ಕವಿ, ಕಲ್ಯಾಣದಲ್ಲಿ ಬರೆದವನು ಸ್ವತಃ ಅರಸ.

ಈ ವಿನೋದಗಳಿಗೆ ಬೇಕಾಗಿದ್ದ ಆನೆ, ಕುದುರೆ, ಮಲ್ಲರು, ಮಾವುತರು, ಬೇಟೆಗಾರರು ರಾಜನ ಬೊಕ್ಕಸದಿಂದ ಪೋಷಿತರಾದವರು. ಹೀಗಾಗಿ ಗ್ರಂಥವು ಅರಸನ ಸುಖದೊಡನೆ ಅವರ ಕಸುಬುಗಳ ದಾಖಲೆಯೂ ಆಗಿದೆ. ಬೆವರಿಳಿಸಿದವರ ಹೆಸರುಗಳು ಮಾತ್ರ ಅದರಲ್ಲಿಲ್ಲ.

ಇತರ ಕೃತಿ ಮತ್ತು ನಂತರದ ಕಾಲ

ತಂದೆಯ ಚರಿತ್ರೆಯಾದ ವಿಕ್ರಮಾಂಕಾಭ್ಯುದಯವೂ ಸೋಮೇಶ್ವರನದೇ. ಅದು ಅಪೂರ್ಣವಾಗಿ ಉಳಿದಿದೆ. 1138ರಲ್ಲಿ ಅವನ ಮಗ ಇಮ್ಮಡಿ ಜಗದೇಕಮಲ್ಲನು ಪಟ್ಟಕ್ಕೆ ಬಂದನು. ಮಾನಸೋಲ್ಲಾಸವು ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಿಂದ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರ ಒಂದು ಭಾಗವು 1926ರಲ್ಲಿ ಮೈಸೂರಿನಿಂದಲೂ ಪ್ರಕಟವಾಯಿತು.